ಕುಂಬಳಕಾಯಿಯ ಮೇಲೆ ಕೂತ ಟೊಪ್ಪಿಗೆ

ನಡೆದದ್ದು ಇಷ್ಟೇ. ನಮ್ಮ ಮನೆಯವರು ಟೊಪ್ಪಿಗೆ ಮಾಡಲು ಹೋಗಿ ನನ್ನ ಬೀಜದ ಕುಂಬಳಕಾಯಿಯನ್ನು ಬೇಯಿಸಿಬಿಟ್ಟರು. ಇದೇ ಸಂಗತಿ ಅವರ ಬಾಯಲ್ಲಿ ದೊಡ್ಡ ಸಾಧನೆಯಾಗಿದೆ. ಶಿಕಾರಿಪುರದ ಅರ್ಧ ಊರಿಗೆ ಹಾಗೆಯೇ ಹೇಳಿಯೂ ಮುಗಿದಿದೆ. ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು, ಅಲಂಕಾರ ಮಾಡಿ ಹೇಳಲು ಬರುವುದಿಲ್ಲ. ಬೆಂದದ್ದನ್ನು ಬೆಂದದ್ದು ಅನ್ನುತ್ತೇನೆ. ವಯಸ್ಸಾದ ಗಂಡಸಿಗೆ ಕೈಗೊಂದು ಕೆಲಸ ಬೇಕು, ಒಪ್ಪಿದೆ. ಹಗ್ಗ ಹೊಸೆಯಬಹುದು, ಕಟ್ಟೆಯ ಮೇಲೆ ಕೂತು ಪಂಚಾಯಿತಿ ಚುನಾವಣೆ ಗೆಲ್ಲಿಸಬಹುದು. ಟೊಪ್ಪಿಗೆಯೇ ಯಾಕೆ ಬೇಕಾಗಿತ್ತು?

ಶುರುವಾದದ್ದು ಮೊಮ್ಮಗಳ ಮೊಬೈಲಿನಿಂದ. ಅದರಲ್ಲಿ ಯಾವುದೋ ದೇಶದ ಗಡ್ಡದವನೊಬ್ಬ ಉಣ್ಣೆಬಟ್ಟೆಯನ್ನು ಹಬೆಗೆ ಹಿಡಿದು, ತಲೆಯಾಕಾರದ ಮರದ ಅಚ್ಚಿನ ಮೇಲೆ ಎಳೆದು, ದಾರ ಬಿಗಿದು ಒಣಗಿಸುತ್ತಾನೆ. ಇವರು ಅದನ್ನು ಹದಿನೈದು ದಿನ ನೋಡಿದರು. ಹದಿನಾರನೆಯ ದಿನ ನನ್ನ ಕರಿ ಕಂಬಳಿ ಅರ್ಧವಾಗಿತ್ತು. ಆ ತುಂಡನ್ನು ಬಿಸಿನೀರು, ಬಟ್ಟೆ ಸೋಪು ಹಾಕಿ ತಿಕ್ಕಿ ತಿಕ್ಕಿ ರೊಟ್ಟಿಯ ದಪ್ಪಕ್ಕೆ ತಂದರು. ಹಬೆಗೆ ಇಡ್ಲಿ ಪಾತ್ರೆ, ಬಿರುಸು ಬರಲು ಅನ್ನದ ಗಂಜಿ, ಅಂಚು ಹರಡಲು ಲಟ್ಟಣಿಗೆ. ಅವರು ‘ಉಪಕರಣ’ ಅನ್ನುವುದೆಲ್ಲ ನಾನು ಬೆಳಗಿನಿಂದ ಅಡಿಗೆಮನೆಯಲ್ಲಿ ಹುಡುಕುತ್ತಿದ್ದ ಸಾಮಾನು. ಸೊರಬದ ಕಡೆ ನಮ್ಮಪ್ಪನೂ ಅಡಿಕೆ ಹಾಳೆಯ ಟೊಪ್ಪಿಗೆ ಹೊಲಿಯುತ್ತಿದ್ದ. ಹಾಳೆ ನೆನೆಹಾಕಿ, ಮೂಲೆ ಮಡಚಿ, ಮಂಡಿಯ ಮೇಲೆ ಕವುಚಿಕೊಂಡು ನಾಲ್ಕು ಹೊಲಿಗೆ ಹಾಕಿದರೆ ಮುಗಿಯಿತು. ಊರಿನವರ ತಲೆಯೆಲ್ಲ ಅಪ್ಪನ ಮಂಡಿಯ ಅಳತೆಗೇ ಇತ್ತೋ, ಇಲ್ಲ ಯಾರೂ ದೂರು ಹೇಳಲಿಲ್ಲವೋ, ಗೊತ್ತಿಲ್ಲ. ಇವರಿಗೆ ಮಾತ್ರ ಸ್ವಂತ ತಲೆಯ ಅಳತೆಯ ಅಚ್ಚೇ ಬೇಕು. ಬಡಗಿಯನ್ನು ಕೇಳಿದರೆ, ಎರಡು ಬಾಗಿಲಿನ ಚೌಕಟ್ಟು ಬಾಕಿ ಇದೆ, ಅದು ಮುಗಿದ ಮೇಲೆ ನಿಮ್ಮ ತಲೆ ಹಿಡಿಯುತ್ತೇನೆ ಅಂದನಂತೆ. ಅಲ್ಲಿಂದ ಮನೆಯಲ್ಲಿ ಮೂರು ಹೊತ್ತೂ ಅಚ್ಚಿನ ಜಪ.

ಇನ್ನು ಆ ಕುಂಬಳಕಾಯಿಯ ವಿಷಯ. ಮದುವೆ ಮಾಡಿ ನನ್ನನ್ನು ತವರು ಕುಬಟೂರಿನಿಂದ ಕಳಿಸುವಾಗ ಅವ್ವ ಮಡಿಲಕ್ಕಿಯ ಜೊತೆ ಹತ್ತು ಬೀಜ ಹಾಕಿದ್ದಳು. ನಲವತ್ತಾರು ವರ್ಷದಿಂದ ಪ್ರತಿ ಮುಂಗಾರಿಗೂ ಅದೇ ಬಳ್ಳಿ ಹಬ್ಬಿಸಿ, ಒಂದು ಕಾಯನ್ನು ಬೀಜಕ್ಕೆಂದು ಅಡಿಗೆಮನೆಯ ನೆಲುವಿನಲ್ಲಿ ತೂಗಿಬಿಟ್ಟಿದ್ದೇನೆ. ತವರಿನಲ್ಲಿ ಈಗ ಆ ತಳಿ ಇರುವುದು ನಮ್ಮ ಅತ್ತಿಗೆಯ ಹತ್ತಿರ. ಒಂದು ವರ್ಷ ಅವಳ ಬೀಜ ಇಲಿ ತಿಂದುಹೋಗಿ ನನ್ನನ್ನು ಕೇಳಿದಳು. ಐದು ಬೀಜ ಕೊಟ್ಟೆ. ಜೊತೆಗೆ, ಬೀಜ ಕಾಯುವುದೆಂದರೆ ಮಕ್ಕಳನ್ನು ಕಾದ ಹಾಗೆ, ಎಲ್ಲರ ಕೈಲೂ ಆಗುವುದಿಲ್ಲ ಎಂದು ಕೇಳದೆಯೇ ಬುದ್ಧಿಯನ್ನೂ ಕೊಟ್ಟೆ. ಬುದ್ಧಿ ಕೊಡುವಾಗ ಎಣಿಸಿ ಕೊಡುವ ಅಭ್ಯಾಸ ನನಗಿಲ್ಲ.

ಆವತ್ತು ಮಧ್ಯಾಹ್ನ ಕುಂಬಳಕಾಯಿ ಬೇಯುವ ಘಮ ಬಂತು. ಪಕ್ಕದ ಮನೆಯಲ್ಲಿ ಪಲ್ಯ ಇರಬೇಕು, ಒಂದು ಬಟ್ಟಲು ಕಳಿಸಿದರೂ ಕಳಿಸಿಯಾರು ಎಂದುಕೊಂಡೆ. ಹಿತ್ತಿಲಿಗೆ ಹೋದರೆ ಒಲೆಯ ಮೇಲೆ ಇಡ್ಲಿ ಪಾತ್ರೆ, ಅದರ ಮೇಲೆ ಗೋಣಿಚೀಲ ಹೊದ್ದ ಗುಂಡಗಿನದೇನೋ. ಚೀಲ ಎತ್ತಿದೆ. ನನ್ನ ಕಂಬಳಿ ತೊಟ್ಟುಕೊಂಡು ನನ್ನ ಕಾಯಿ ಕೂತಿತ್ತು.

“ಮುಟ್ಟಬ್ಯಾಡ, ಇನ್ನೂ ಹಸೀ ಐತಿ,” ಅಂದರು.

“ರೀ, ಇದು ಬೀಜದ ಕಾಯಿ.”

“ನೀನೇ ಹೇಳಿದ್ಯಲ್ಲೇ.”

ಹೌದು, ಹೇಳಿದ್ದೆ. ಹಿಂದಿನ ದಿನ ಅಚ್ಚಿನ ಜಪ ಕೇಳಿ ಕೇಳಿ ತಲೆ ಕೆಟ್ಟು, ಬಡಗಿ ಯಾಕೆ ಬೇಕು, ನೆಲುವಿನಲ್ಲಿ ಕುಂಬಳಕಾಯಿ ಇದೆ, ನಿಮ್ಮ ತಲೆಗೂ ಅದಕ್ಕೂ ಏನು ವ್ಯತ್ಯಾಸ ಅಂದಿದ್ದೆ. ಅವರು ದಾರ ಹಿಡಿದು ಎರಡನ್ನೂ ಅಳೆದು ನೋಡಿದರಂತೆ. ವ್ಯತ್ಯಾಸ ಇರಲಿಲ್ಲವಂತೆ. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಮಾತನ್ನು ಕೇಳಿ ನಡೆದದ್ದು ಅದೊಂದೇ ಸಲ.

ಸಂಜೆತನಕ ಬಿಸಿಲಿಗಿಟ್ಟರು. ಮರದ ಅಚ್ಚಿನಿಂದ ಟೊಪ್ಪಿಗೆ ಬಿಡಿಸಲು ಒದ್ದಾಡಬೇಕಂತೆ. ಇಲ್ಲಿ ಕಾಯಿಯೇ ಮೆತ್ತಗಾಗಿ ಒಳಕ್ಕೆ ಕುಸಿದು ದಾರಿ ಬಿಟ್ಟಿತು. ಇದು ಆ ಗಡ್ಡದವನಿಗೂ ಹೊಳೆದಿಲ್ಲ ಎಂದು ಇವರ ಹಿಗ್ಗು. ನನ್ನ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ: ಟೊಪ್ಪಿಗೆ ಚೆನ್ನಾಗಿತ್ತು. ಕೆಟ್ಟಿದ್ದರೆ ಬೈಯಲು ಎಷ್ಟು ಅನುಕೂಲವಿತ್ತು. ಬೀಜಗಳನ್ನು ತೊಳೆದು, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಅಕ್ಕಿ ಡಬ್ಬಿಯ ಪಕ್ಕ ಬೆಚ್ಚಗೆ ಇಟ್ಟೆ. ಆರನೆಯ ದಿನ ಬಿಚ್ಚಿದರೆ ಮೊಳಕೆ ಇಲ್ಲ, ವಾಸನೆ ಇತ್ತು. ಮುಂಗಾರಿಗೆ ಉಳಿದದ್ದು ಹದಿನೈದೇ ದಿನ. ಇವರು ಸಂತೆಯಲ್ಲಿ ಬೀಜ ಸಿಗುತ್ತದೆ ಅಂದರು. ಸಿಗುತ್ತದೆ; ಅವ್ವನ ಬೀಜ ಸಿಗುವುದಿಲ್ಲ.

ಅತ್ತಿಗೆಗೆ ಫೋನು ಮಾಡಿದೆ. ಇಲಿ ತಿಂದಿತು ಎಂದು ಹೇಳುವುದೆಂದು ಯೋಚಿಸಿಕೊಂಡಿದ್ದೆ. ಆದರೆ ಇವರು ಟೊಪ್ಪಿಗೆಯ ಫೋಟೋವನ್ನೂ, ಅದರ ಪೂರ್ತಿ ಚರಿತ್ರೆಯನ್ನೂ ನಮ್ಮಣ್ಣನಿಗೆ ಆಗಲೇ ಕಳಿಸಿಯಾಗಿತ್ತು.

“ಎಂತ ಹಾಲಮ್ಮ, ಬೀಜ ಕಾಯೋದು ಮಕ್ಕಳನ್ನ ಕಾದಂಗೆ ಅಂದಿದ್ಯಲ್ಲ,” ಅಂದಳು. “ಮಗೂನ ಇಡ್ಲಿ ಪಾತ್ರೆಲಿ ಇಟ್ಟಿದ್ಯಂತೆ?”

ಐದು ಬೀಜ ಕೊಡು ಎಂದಷ್ಟೇ ಅಂದೆ. ಬೇಡುವುದು ಎಷ್ಟು ಕಷ್ಟದ ಕೆಲಸವೆಂದು ಆಗ ತಿಳಿಯಿತು.

“ಬೀಜಕ್ಕೆ ಎಂತ, ಕೊಡನ. ಆ ಟೊಪ್ಪಿಗೆ ತಗಂಡ್ ಬಾ. ನಿಮ್ಮಣ್ಣ ಅದನ್ನ ನೋಡ್ದಾಗಿಂದ ನನ್ನ ಜೀವ ತಿಂತಾ ಅದಾರೆ.”

ಮರುದಿನ ಬೆಳಿಗ್ಗೆ ಇವರು ಸ್ನಾನಕ್ಕೆ ಹೋದದ್ದೇ ತಡ, ಗೂಟದಲ್ಲಿದ್ದ ಟೊಪ್ಪಿಗೆಯನ್ನು ಚೀಲಕ್ಕೆ ಹಾಕಿಕೊಂಡು ತವರಿನ ಕಡೆಯ ಆನವಟ್ಟಿ ಬಸ್ಸು ಹತ್ತಿದೆ. ಸಿಕ್ಕಿದ್ದು ಬಿಸಿಲಿನ ಕಡೆಯ ಕಿಟಕಿ. ಶಿರಾಳಕೊಪ್ಪ ದಾಟುವುದರೊಳಗೆ ನೆತ್ತಿ ಕಾಯತೊಡಗಿತು. ಅಕ್ಕಪಕ್ಕ ಗುರುತಿನವರು ಯಾರೂ ಇಲ್ಲವೆಂದು ನೋಡಿಕೊಂಡು, ಚೀಲದಿಂದ ಟೊಪ್ಪಿಗೆ ತೆಗೆದು ತಲೆಗಿಟ್ಟುಕೊಂಡೆ. ಒಂದು ನೂಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೂತಿತು.