ಎರಡು ಲೆನ್ಸಿನ ನಡುವೆ ತಪ್ಪಿದ ತಾಳಿ

ಗಂಡ ಕುಡುಕನಾದರೆ ಊರು ಮರುಗುತ್ತದೆ. ಇಸ್ಪೀಟಿನ ಹುಚ್ಚನಾದರೆ ನೆಂಟರು ಬಂದು ಬುದ್ಧಿ ಹೇಳುತ್ತಾರೆ. ಕ್ಯಾಮೆರಾ ಹುಚ್ಚಿನವನನ್ನು ಕಟ್ಟಿಕೊಂಡವಳಿಗೆ ಮಾತ್ರ 'ಪುಣ್ಯವಂತೆ ಕಣಮ್ಮ ನೀನು' ಎನ್ನುತ್ತಾರೆ. ತಿಪ್ಪೇರುದ್ರಮ್ಮನಿಗೆ ಮೈ ಉರಿಯುತ್ತಿದ್ದದ್ದು ಅದಕ್ಕೇ.

ಅವಳ ಗಂಡ, ಚಳ್ಳಕೆರೆಯ ಎಣ್ಣೆ ವ್ಯಾಪಾರಿ ಮರುಳಪ್ಪನ ಬಳಿ ದೂರದ್ದನ್ನು ಹತ್ತಿರ ತೋರಿಸುವ ಜೂಮ್ ಲೆನ್ಸೊಂದಿತ್ತು. ಸೈಕಲ್ ಪಂಪಿನಂತೆ ಎಳೆದು ತಳ್ಳಬೇಕಾದ, ರುಬ್ಬುಗುಂಡಿನಷ್ಟು ಭಾರದ ಸಾಮಾನು. ಸಾಲದ್ದಕ್ಕೆ ತೊಂಬತ್ತೆಂಟರಲ್ಲಿ ಅದರದೇ ಹೊಸ ಮಾದರಿಯನ್ನು ಬೆಂಗಳೂರಿನಿಂದ ತಂದ. ಹೊಸದು ಹಗುರ; ಗುಂಡಿ ಒತ್ತಿದರೆ ಗುರ್ರೆಂದು ತಾನೇ ಫೋಕಸ್ ಮಾಡಿಕೊಳ್ಳುತ್ತದೆ. ಹಾಗಾದರೆ ಹಳೆಯದನ್ನು ಮಾರಬಾರದೇ? "ಹೋಲಿಸಿ ನೋಡ್ದೆ ಹೆಂಗೆ ಮಾರೋದು?" ಎಂದ. ಅಂದಿನಿಂದ ಏನನ್ನೇ ತೆಗೆದರೂ ಎರಡೆರಡು ಸಲ. (ಹಾಲು ಉಕ್ಕುವುದನ್ನು ಹಳೆಯದರಲ್ಲಿ ತೆಗೆದು, ಹೊಸದರಲ್ಲಿ ತೆಗೆಯಲೆಂದು ಇನ್ನೊಮ್ಮೆ ಉಕ್ಕಿಸಿದ ಮಹಾಪುರುಷ ಆತ. ಒಲೆ ಒರೆಸಿದ್ದು ಯಾರೆಂದು ಬೇರೆ ಹೇಳಬೇಕೆ?)

ಇಂಥವನನ್ನು ತನ್ನ ತಮ್ಮ ಮಲ್ಲಿಕ್‌ನ ಮದುವೆಗೆ ಫೋಟೋಗ್ರಾಫರ್ ಮಾಡಿದವಳು ಸಾಕ್ಷಾತ್ ತಿಪ್ಪೇರುದ್ರಮ್ಮನೇ. ಮೊಳಕಾಲ್ಮೂರಿನ ತವರಿನಲ್ಲಿ ಗಂಡನ ದೊಡ್ಡಸ್ತಿಕೆ ಮೆರೆಯಲೆಂದು, "ಸ್ಟುಡಿಯೋದೋರು ಯಾಕವ್ವ? ನಮ್ಮನೆಯೋರೇ ತೆಗೀತಾರೆ" ಎಂದು ಎದೆಯುಬ್ಬಿಸಿ ಹೇಳಿ ಬಂದಿದ್ದಳು.

ಮುಹೂರ್ತದ ಗಳಿಗೆ ಬಂತು. ಮರುಳಪ್ಪ ಜನರ ಹಿಂದೆ ಕುರ್ಚಿ ಹತ್ತಿ ನಿಂತ. ಮಲ್ಲಿಕ್ ತಾಳಿ ಎತ್ತಿ ಹಿಡಿದ. ಮರುಳಪ್ಪ ಹಳೆಯ ಲೆನ್ಸಿನಲ್ಲಿ ಒಂದು ಫೋಟೋ ಒತ್ತಿದವನೇ, "ಐನೋರೇ, ಒಂದ್ನಿಮಿಷ! ಹೊಸದ್ರಲ್ಲೂ ಒಂದು ತಗೊಂಬಿಡ್ತೀನಿ!" ಎಂದು ಕೂಗಿ ಲೆನ್ಸು ತಿರುಗಿಸಿ ಬಿಚ್ಚತೊಡಗಿದ. ಗಟ್ಟಿಮೇಳದ ಅಬ್ಬರದಲ್ಲಿ ಅವನ ಕೂಗು ಯಾರಿಗೆ ಕೇಳಬೇಕು? ಹೊಸದು ಜಾಗಕ್ಕೆ ಕೂರುವಷ್ಟರಲ್ಲಿ ಮೂರು ಗಂಟೂ ಬಿದ್ದು, ಜನ ತಲೆಯಿಂದ ಅಕ್ಕಿ ಕೊಡವಿಕೊಳ್ಳುತ್ತಿದ್ದರು.

ಆಲ್ಬಮ್ ಬಂದ ದಿನ ತವರಿನ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ತೆಂಗಿನಕಾಯಿ ಎರಡು ಸಲ, ಕಳಶ ಎರಡು ಸಲ, ಅವ್ವ ಆಕಳಿಸಿದ್ದು ಎರಡು ಸಲ.

"ಅತ್ತೆ, ಇದು ಹಳೇದು, ಅಂಚು ಮಸುಕು. ಇದು ಹೊಸದು ನೋಡ್ರಿ, ನಿಮ್ಮ ಹುಳುಕು ಹಲ್ಲು ಸಮೇತ ಎಷ್ಟು ಚೊಕ್ಕ ಬಂದೈತೆ!" ಎಂದು ಮರುಳಪ್ಪ ಉಪನ್ಯಾಸ ಶುರುಮಾಡಿದ.

ಮಲ್ಲಿಕ್ ಹಾಳೆಗಳನ್ನು ಹಿಂದೆ ಮುಂದೆ ತಿರುವಿದ. "ಭಾವ, ತಾಳಿ ಕಟ್ಟಿದ್ದೆಲ್ಲಿ?"

"ಕಟ್ಟೋಕೆ ಮುಂಚೆ ಐತಲ್ಲ. ಕಟ್ಟಿದ್ಮೇಲೂ ಐತೆ."

"ನಡುವೆ?"

"ನಡುವೆ ಲೆನ್ಸು ಬದ್ಲಾಯಿಸ್ತಿದ್ದೆ ಕಣಪ್ಪ."

ಮದುಮಗಳು ದೀಪಿಕಾ ಕಣ್ಣೊರೆಸಿಕೊಂಡು ಒಳಗೆ ಹೋದಳು. ತಿಪ್ಪೇರುದ್ರಮ್ಮನ ಸಿಟ್ಟು ನೆತ್ತಿಗೇರಿತು. "ರೀ! ನನ್ನ ತಮ್ಮ ಇನ್ನೊಂದ್ಸಲ ಮದ್ವೆ ಆಗ್ತಾನೇನ್ರೀ? ತವರಲ್ಲಿ ನನ್ನ ಮಾನ ಮೂರು ಕಾಸಿಗೆ ಹರಾಜು ಹಾಕಿದ್ರಲ್ಲ! ಏನಾದ್ರೂ ಮಾಡ್ರಿ, ತಾಳಿ ಫೋಟೋ ಬರ್ಲೇಬೇಕು. ಅಲ್ಲೀವರೆಗೂ ನಾನು ಚಳ್ಳಕೆರೆ ಬಸ್ಸು ಹತ್ತಲ್ಲ!"

"ಬಿಚ್ಚಿ ಇನ್ನೊಂದ್ಸಲ ಕಟ್ಟಿದ್ರಾತಲ್ಲ" ಎಂದ ಮಲ್ಲಿಕ್.

"ಥೂ, ಬಿಡ್ತು ಅನ್ನೋ! ಕಟ್ಟಿದ ತಾಳಿ ಬಿಚ್ತಾರೇನೋ? ಹೊಸ ಜೋಡಿ ಸುಮ್ನೆ ಕಟ್ಟೋ ಆಟ ಆಡಿದ್ರೂ ಅಪಶಕುನ!" ಎಂದು ಅವ್ವ ಗದರಿದಳು.

ಕೊನೆಗೆ ಊರಿನ ಸ್ಟುಡಿಯೋದ ಮಾರುತೇಶ್‌ನನ್ನೇ ಕರೆಸಬೇಕಾಯಿತು. ಅವನು ಗಲ್ಲ ಕೆರೆದುಕೊಂಡು, "ಮುಖ ಯಾಕೆ ಬೇಕು? ಕೈ, ಕೊರಳು ಕಂಡ್ರೆ ಸಾಕು. ಯಾರಾದ್ರೂ ಗಂಡ ಹೆಂಡ್ತಿ ಕೂತ್ಕಳ್ಳಿ, ಬರೀ ಅರಿಶಿನದ ದಾರ ಕಟ್ಟಲಿ" ಎಂದ. ಎಲ್ಲರೂ ತಿಪ್ಪೇರುದ್ರಮ್ಮನ ಕಡೆ ತಿರುಗಿದರು.

"ನಾನಾ? ಈ ಮನುಷ್ಯನ ಜೊತೆನಾ? ಒಂದ್ಸಲ ಆಗಿದ್ದೇ ಸಾಕಾಗೈತೆ!"

"ಬರ್ಲೇಬೇಕು ಅಂದೋಳು ನೀನೇ ಅಲ್ವೇನಕ್ಕ?" ಎಂದ ಮಲ್ಲಿಕ್.

ತಿಪ್ಪೇರುದ್ರಮ್ಮ ದೀಪಿಕಾಳ ರೇಷ್ಮೆ ಸೀರೆ ಉಟ್ಟದ್ದಾಯಿತು. ದೀಪಿಕಾಳ ರವಿಕೆ ಮಾತ್ರ ಇವಳ ಮೊಳಕೈ ದಾಟಲಿಲ್ಲ. ಸೆರಗು ಹೊದಿಸಿ, ಇವಳ ಹಳೆಯ ತಾಳಿಯನ್ನೂ ಅದರಡಿ ಮರೆಸಿ ಮಾನ ಕಾಪಾಡಿದರು. ಮರುಳಪ್ಪ ಹೆಮ್ಮೆಯಿಂದ ಹೊಸ ಲೆನ್ಸು ಕೊಟ್ಟ. ಮಾರುತೇಶ್ ಪಡಸಾಲೆಯ ಆ ತುದಿಯಿಂದ ಕಣ್ಣಿಟ್ಟು ನೋಡಿ ಅದನ್ನು ವಾಪಸು ಮಾಡಿದ.

"ಇದು ಬ್ಯಾಡ ಸಾರ್. ಅಕ್ಕೋರ ಕುತ್ತಿಗೆ ಗೆರೆ ಎಲ್ಲಾ ಎಣಿಸಬೋದು, ಮದುಮಗಳು ಅಂದ್ರೆ ಯಾರು ನಂಬ್ತಾರೆ? ಹಳೇದು ಕೊಡ್ರಿ. ಮಸುಕಾಗಿ ಮರ್ಯಾದೆಯಿಂದ ಬರುತ್ತೆ."

ತಿಂಗಳುಗಟ್ಟಲೆ ಬಗೆಹರಿಯದ ಹೋಲಿಕೆ ಹೀಗೆ ತಿಪ್ಪೇರುದ್ರಮ್ಮನ ಕುತ್ತಿಗೆಯ ಮೇಲೆ ತೀರ್ಮಾನವಾಯಿತು. ಅವಳಿಗೆ ಎದ್ದು ಇಬ್ಬರಿಗೂ ಬಾರಿಸುವಷ್ಟು ಕೋಪ ಬಂತು. ಮರುಳಪ್ಪ ದಾರ ಹಿಡಿದು ಬಗ್ಗಿ, "ಮೊದಲ್ನೇ ಸಲ ಕಟ್ಟುವಾಗ ನಿನಗಿಷ್ಟು ಸಿಟ್ಟಿರಲಿಲ್ಲ ಕಣೆ" ಎಂದು ಪಿಸುಗುಟ್ಟಿದ.

"ಆವಾಗ ನಿಮ್ಮ ಸಂಗತಿ ಗೊತ್ತಿರಲಿಲ್ಲ!"

"ಅಕ್ಕೋರೇ, ಕುತ್ತಿಗೆ ಬಿಗಿಯಾಗೈತೆ. ಸ್ವಲ್ಪ ನಾಚ್ಕೊಳ್ರಿ" ಎಂದ ಮಾರುತೇಶ್.

ಅವನಿಗೂ ಸೇರಿಸಿ ಬೈಯಲು ತಲೆಯೆತ್ತಿದಳು. ಅಷ್ಟರಲ್ಲಿ ಅವ್ವ, "ಲೇ, ಬಾಯಿ ಮುಚ್ಚೇ! ತಾಳಿ ಕಟ್ಟೋ ಹೊತ್ತಲ್ಲಿ ಗಂಡನ್ನ ಬೈಬಾರ್ದು!" ಎಂದಳು. ನಾಲಿಗೆಯ ತುದಿಗೆ ಬಂದಿದ್ದ ಬೈಗುಳವನ್ನೆಲ್ಲ ನುಂಗಿ, ಹಲ್ಲು ಕಚ್ಚಿ, ಗದ್ದ ಎದೆಗೆ ತಾಗುವಂತೆ ತಲೆ ತಗ್ಗಿಸಿದಳು. ಕ್ಯಾಮೆರಾ ಕ್ಲಿಕ್ ಎಂದಿತು.

ಆ ಫೋಟೋ ಈಗ ದೊಡ್ಡದಾಗಿ ತವರಿನ ಗೋಡೆಯ ಮೇಲಿದೆ. ಬಂದವರೆಲ್ಲ, ಇಷ್ಟು ನಾಚುವ ಮದುಮಗಳು ಈ ಕಾಲದಲ್ಲಿ ಎಲ್ಲಿ ಸಿಗಬೇಕು ಎಂದು ದೀಪಿಕಾಳನ್ನು ಹೊಗಳುತ್ತಾರೆ. ಕಾಫಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತ ತಿಪ್ಪೇರುದ್ರಮ್ಮ ಹೌದು ಹೌದು ಎನ್ನಬೇಕು.