ಪರಾಸ್ಕಾ ಅಜ್ಜಿ ಎತ್ತಿದ ಫೋನು

ನನ್ನ ಹೆಂಡತಿಯನ್ನು ಯಾರಾದರೂ "ನಿಮ್ಮ ಯಜಮಾನರು ಓದು ಮುಗಿಸಿ ಮೊದಲು ಏನು ಮಾಡಿದರು?" ಎಂದು ಕೇಳಿದರೆ ಸಾಕು, "ಕಡುಬು" ಎನ್ನುತ್ತಾಳೆ. ತಲೆ ನರೆತರೂ ಪೌಲಾ ಈ ಉತ್ತರ ಬದಲಿಸಿಲ್ಲ. ನಾನು ಚರಿತ್ರೆಯಲ್ಲಿ ಸ್ನಾತಕೋತ್ತರ ಪದವೀಧರ. ಹಳೆಯ ಕಾಲುವೆಗಳ ಕುರಿತು ಇಟ್ಟಿಗೆ ಗಾತ್ರದ ಪ್ರಬಂಧ ಮಂಡಿಸಿದವನು. (ಅದನ್ನು ಪೂರ್ತಿ ಓದಿದವನು ನಾನೊಬ್ಬನೇ. ಮಾರ್ಗದರ್ಶಕರು ಮುನ್ನುಡಿಯಲ್ಲೇ ನಿದ್ದೆಹೋದರೆಂದು ನನ್ನ ಗುಮಾನಿ.)

ಹಾಗೆಂದು ಅವಳು ಸುಳ್ಳೇನೂ ಹೇಳುತ್ತಿಲ್ಲ. ನಾನು ಪದವಿ ಪಡೆದ ಹೊತ್ತಿಗೆ ಪಿಟ್ಸ್‌ಬರ್ಗಿನ ಉಕ್ಕಿನ ಕಾರ್ಖಾನೆಗಳು ಒಂದರ ಹಿಂದೊಂದು ಬಾಗಿಲು ಹಾಕುತ್ತಿದ್ದವು. ಕುಲುಮೆಯ ಮುಂದೆ ಬೆವರು ಸುರಿಸಿದ ಗಂಡಸರೇ ಕೆಲಸವಿಲ್ಲದೆ ಜಗಲಿಯಲ್ಲಿ ಕೂತಿರುವಾಗ ಕಾಲುವೆ ಪಂಡಿತನನ್ನು ಕೇಳುವವರು ಯಾರು? ಅತ್ತೆಯ ಮನೆಯ ಅಟ್ಟದ ಕೋಣೆಯಲ್ಲಿ ನಮ್ಮ ಸಂಸಾರ. ಪೌಲಾ ಹಲ್ಲಿನ ಡಾಕ್ಟರೊಬ್ಬರ ಬಳಿ ದುಡಿದು ತರುತ್ತಿದ್ದಳು, ನಾನು ಉಣ್ಣುತ್ತಿದ್ದೆ. ನನಗೊಂದು ಕೆಲಸ ಸಿಕ್ಕರೆ ಬೇರೆ ಮನೆ ಮಾಡಬೇಕು ಎಂಬುದೊಂದೇ ನಮ್ಮಿಬ್ಬರ ಕನಸು.

ಅಷ್ಟರಲ್ಲಿ ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳು ಬಂದವು. ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರೆಲ್ಲ ಸೇರಿ ಪಿರೋಹಿ ಮಾಡಿ ಮಾರುವ ಕಾಲ ಅದು. ಕಣಕದೊಳಗೆ ಆಲೂಗಡ್ಡೆಯನ್ನೋ ಹುಳಿ ಎಲೆಕೋಸನ್ನೋ ತುಂಬಿ, ಅಂಚು ಚಿವುಟಿ, ಕುದಿನೀರಿಗೆ ಬಿಡುವ ಕಡುಬೇ ಪಿರೋಹಿ.

"ಅಳಿಯಂದ್ರು ಮನೇಲಿ ಕೂತು ಗೋಡೆ ಕಾಯೋದಕ್ಕಿಂತ ನಮ್ ಜೊತೆ ಬರ್ಲಿ," ಎಂದು ಅತ್ತೆ ನನ್ನನ್ನೂ ಎಳೆದೊಯ್ದರು.

ಆ ಪಾಕಸಾಮ್ರಾಜ್ಯದ ಚಕ್ರವರ್ತಿನಿ ಪರಾಸ್ಕಾ ಅಜ್ಜಿ. ನನ್ನ ಎರಡೂ ಕೈ ತಿರುಗಿಸಿ ನೋಡಿದರು.

"ಈ ಕೈ ಒಂದು ದಿನಾನೂ ಕೆಲ್ಸ ಮಾಡಿಲ್ಲ. ಒಳ್ಳೇದೇ ಆಯ್ತು, ತಪ್ಪು ಕಲ್ತಿರಲ್ಲ."

ನನ್ನ ಮೊದಲ ಪಿರೋಹಿಗಳು ನೀರಿಗೆ ಬಿದ್ದೊಡನೆ ಹೊಟ್ಟೆಯೊಳಗಿನ ಗುಟ್ಟನ್ನೆಲ್ಲ ಬಿಚ್ಚಿಟ್ಟವು. "ಇವತ್ತು ಆಲೂಗಡ್ಡೆ ಸಾರು ಅಂತ ಬೋರ್ಡ್ ಹಾಕ್ಸೋಣ," ಎಂದರು ಅಜ್ಜಿ. ಆದರೂ ಬಿಡಲಿಲ್ಲ. ದಿನ ಕಳೆದಂತೆ ನನ್ನ ಕೈ ಕುದುರಿತು. ಬೆಣ್ಣೆಯಲ್ಲಿ ಈರುಳ್ಳಿ ಬಾಡುವ ಆ ಪರಿಮಳ, ಮುದುಕಿಯರ ಚಾಡಿಮಾತು, ಮಂಜು ಹಿಡಿದ ಪುಟ್ಟ ಕಿಟಕಿಗಳು! ಈಗ ಆ ನೆಲಮಾಳಿಗೆಗೆ ಬೀಗ ಬಿದ್ದಿದೆ. 

ಈ ನಡುವೆ ಒಂದು ವಿಮಾ ಕಂಪನಿಯವರು ಹಳೆಯ ದಾಖಲೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸಂದರ್ಶನ ಮಾಡಿದ್ದರು. "ಫೋನ್ ಮಾಡಿ ತಿಳಿಸ್ತೀವಿ" ಎಂದರು. ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲವೆಂದು ನೆಲಮಾಳಿಗೆಯ ನಂಬರನ್ನೇ ಕೊಟ್ಟೆ. ಆದರೆ ಗೋಡೆಯ ಮೇಲಿನ ಆ ಫೋನನ್ನು ಎತ್ತುವ ಅಧಿಕಾರ ಪರಾಸ್ಕಾ ಅಜ್ಜಿಗೆ ಮಾತ್ರ. ಅದು ಬಡಿದುಕೊಂಡಾಗಲೆಲ್ಲ ನನ್ನ ಎದೆಯೂ ಬಡಿದುಕೊಳ್ಳುತ್ತಿತ್ತು. ನಾನು ಕತ್ತು ಚಾಚಿದರೆ ಅಜ್ಜಿ "ಪಿರೋಹಿ ಬೇಕಂತೆ, ನಿನ್ ಕೆಲ್ಸ ನೋಡು" ಎನ್ನುತ್ತಿದ್ದರು.

ಒಂದು ಸಂಜೆ ಪೌಲಾಳ ಜೊತೆ ಮನೆಯ ಕಡೆಗಿನ ಮೆಟ್ಟಿಲು ಹತ್ತುವಾಗ ತಡೆಯಲಾರದೆ ಹೇಳಿಬಿಟ್ಟೆ.

"ಇನ್ನು ಎಲ್ಲೂ ಅರ್ಜಿ ಹಾಕಲ್ಲ, ಪೌಲಾ."

"ಹಾಕ್ಬೇಡ ಬಿಡು. ನಿನ್ ಪ್ರಬಂಧಾನ ಒಲೆಗೆ ಹಾಕ್ತೀನಿ, ಚಳಿಗಾಲ ಕಳಿಯೋವರ್ಗೂ ಉರಿಯುತ್ತೆ."

"ತಮಾಷೆ ಮಾಡ್ಬೇಡ."

"ಅಳ್ಬೇಕಾ ಹಾಗಾದ್ರೆ? ನಾನೇನಾದ್ರೂ ಬೇಜಾರು ಅಂದ್ನಾ? ನಾಳೆ ಮತ್ತೆ ಹಾಕು, ಡೆನಿಸ್." ಹಿಟ್ಟು ಮೆತ್ತಿದ ನನ್ನ ಕೈಯನ್ನು ಹಿಡಿದು ತನ್ನ ಕೋಟಿನ ಜೇಬಿನೊಳಗೆ ಇಟ್ಟುಕೊಂಡಳು. ನಿಜಕ್ಕೂ ಅಳು ಬಂದದ್ದು ನನಗೆ.

ಗುಡ್ ಫ್ರೈಡೇ ಹಿಂದಿನ ರಾತ್ರಿ ಊಟದ ಹೊತ್ತಿಗೆ ಅತ್ತೆ ಸಹಜವಾಗಿ ಹೇಳಿದರು: "ಆ ವಿಮಾ ಕಂಪನಿಯೋನು ಇವತ್ತೂ ಫೋನ್ ಮಾಡಿದ್ದ. ಪರಾಸ್ಕಾ ಸರಿಯಾಗಿ ಹೇಳಿದ್ಲು."

"ಇವತ್ತೂ?" ಊಟ ಬಿಟ್ಟು ಅಜ್ಜಿಯ ಮನೆಗೆ ಓಡಿದೆ. ಪೌಲಾ ಹಿಂದೆಯೇ ಬಂದಳು.

"ಅಜ್ಜೀ, ಅವ್ರಿಗೆ ಏನು ಹೇಳಿದ್ರಿ?"

"ಡೆನಿಸ್‌ನ ಈಸ್ಟರ್‌ವರ್ಗೂ ಬಿಡೋಕಾಗಲ್ಲ, ಅವ್ನಿಲ್ದೆ ಇಲ್ಲಿ ಒಂದೂ ನಡಿಯಲ್ಲ ಅಂದೆ."

"ಕೆಲ್ಸ ಹೋಯ್ತಲ್ಲ ಅಜ್ಜಿ!"

"ಎಲ್ಲಿಗ್ ಹೋಗುತ್ತೆ? ಕೆಲ್ಸ ಇಲ್ದೆ ಕೂತಿದಾನೆ ಅಂದಿದ್ರೆ ಚಿಲ್ರೆ ಕೊಡ್ತಿದ್ರು. ಬಿಡಲ್ಲ ಅಂದಿದ್ದಕ್ಕೆ ಇವತ್ತು ಸಂಬಳ ಜಾಸ್ತಿ ಮಾಡ್ತೀನಿ ಅಂದ. ಸೋಮ್ವಾರ ಕಳಿಸ್ತೀನಿ ಅಂದೆ. ನಂಗೂ ಎಲೆಕೋಸು ಖಾಲಿ ಆಗ್ಬೇಕಿತ್ತು."

ಸೋಮವಾರ ಮದುವೆಯ ಸೂಟು ಧರಿಸಿ ದಿಗ್ವಿಜಯಕ್ಕೆ ಹೊರಟೆ. ಮ್ಯಾನೇಜರು ಎದ್ದು ನಿಂತು ಕೈಕುಲುಕಿದರು. (ಪದವಿ ಪಡೆದ ಮೇಲೆ ನನಗಾಗಿ ಯಾರೂ ಎದ್ದು ನಿಂತಿರಲಿಲ್ಲ.) ಫೋನಿನಲ್ಲಿ ಅಜ್ಜಿಗೆ ಮಾತುಕೊಟ್ಟಿದ್ದ ಸಂಬಳವನ್ನು ಕಾಗದದ ಮೇಲೆ ಬರೆದು ನನ್ನತ್ತ ತಿರುಗಿಸಿದರು. ಅದರಲ್ಲಿ ಬೇರೆ ಮನೆ ಮಾತ್ರವಲ್ಲ, ಮನೆಯ ಮುಂದೊಂದು ಕಾರೂ ನನಗೆ ಕಾಣಿಸಿತು.

"ನಿಮ್ಮನ್ನ ಬಿಡಿಸ್ಕೊಂಡು ಬರೋದು ಭಾರೀ ಕಷ್ಟ ಆಯ್ತಪ್ಪ," ಎಂದು ನಕ್ಕರು. "ಅಲ್ಲಿ ಏನು ಕೊಡ್ತಿದ್ರು ನಿಮ್ಗೆ?"

ಇಷ್ಟು ಒಳ್ಳೆಯ ಮನುಷ್ಯನಿಂದ ಏನು ಮುಚ್ಚಿಡುವುದು ಎನಿಸಿತು. ನಾನೂ ನಗುತ್ತಲೇ ಹೇಳಿದೆ: "ಅಯ್ಯೋ, ಸಂಬಳ ಎಲ್ಲಿ ಬಂತು ಸಾರ್. ಮಧ್ಯಾಹ್ನ ಒಂದು ತಟ್ಟೆ ಪಿರೋಹಿ ಕೊಡ್ತಿದ್ರು."

ಮ್ಯಾನೇಜರು ಕಾಗದವನ್ನು ಮೆಲ್ಲನೆ ತಮ್ಮ ಕಡೆಗೆ ತಿರುಗಿಸಿಕೊಂಡರು. ಬರೆದದ್ದನ್ನು ಹೊಡೆದುಹಾಕಿ, ಅದರ ಕೆಳಗೆ ಇನ್ನೊಂದು ಅಂಕಿ ಬರೆದರು. ಕಾರು ಕಣ್ಣೆದುರೇ ಹೊರಟುಹೋಯಿತು. ಮನೆ ಕುಗ್ಗಿ ಒಂದೇ ಕೋಣೆಯಾಯಿತು. ಸಹಿ ಹಾಕಿ ಬಂದೆ.

ಮನೆಯಲ್ಲಿ ಅತ್ತೆ, ಪೌಲಾ, ಪರಾಸ್ಕಾ ಅಜ್ಜಿ ಮೂವರೂ ಕೇಕ್ ಮುಂದಿಟ್ಟುಕೊಂಡು ಕಾಯುತ್ತಿದ್ದರು. ನಡೆದದ್ದನ್ನು ಹೇಳಿದೆ. ಅಜ್ಜಿ ಪೌಲಾಳ ಕಡೆ ತಿರುಗಿದರು.

"ಇವ್ನನ್ನ ಒಬ್ನನ್ನೇ ಯಾಕಮ್ಮ ಕಳಿಸ್ದೆ?"

"ಡಿಗ್ರಿ ಇದ್ಯಲ್ಲ ಅಜ್ಜಿ," ಎಂದಳು ಪೌಲಾ, "ಅದನ್ನ ನಂಬಿ ಕಳಿಸ್ದೆ."