ಅರವತ್ತು ತೂತಿನ ರಟ್ಟು

ಆ ದಿನ ನಡೆದದ್ದಕ್ಕೆಲ್ಲ ಮೂಲ ಒಂದು ಕಾಫಿ ಲೋಟ. ಅದನ್ನು ಭೂಗೋಳದ ಮೇಷ್ಟ್ರು ಮೇಜಿನ ಮೇಲೆ ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಸೂಚನೆಗಳ ಹಾಳೆಯ ಮೇಲೆ ಇಟ್ಟರು.

ಹಾಳೆ ಬಂದದ್ದು ಬೆಳಿಗ್ಗೆ, ಒಂದು ದಪ್ಪ ಲಕೋಟೆಯಲ್ಲಿ. ಹತ್ತನೇ ತರಗತಿಯ ಮಕ್ಕಳು ಮುಂದೆ ಏನು ಓದಬೇಕು, ಯಾವ ಕೆಲಸ ಹಿಡಿಯಬೇಕು ಎಂದು ಹೇಳಲು ಬರಬೇಕಿದ್ದ ತಜ್ಞರಿಗೆ ಗಂಟಲು ಕಟ್ಟಿತ್ತು. ತಮ್ಮ ಬದಲು ಪ್ರಶ್ನೆಪತ್ರಿಕೆಯ ಕಟ್ಟು, ಫಲಿತಾಂಶದ ಪಟ್ಟಿ ಮತ್ತು ಅರವತ್ತು ತೂತಿನ ಒಂದು ರಟ್ಟನ್ನು ಕಳಿಸಿದ್ದರು. ಮುಖ್ಯೋಪಾಧ್ಯಾಯಿನಿ ಸ್ಟಾಫ್ ರೂಮಿನಲ್ಲಿ ಒಮ್ಮೆ ಕಣ್ಣಾಡಿಸಿದರು. ಉಳಿದವರೆಲ್ಲ ತಲೆ ತಗ್ಗಿಸಿ ಏನೋ ಬರೆಯತೊಡಗಿದರು. ಭೂಗೋಳದ ಮೇಷ್ಟ್ರಿಗೆ ಮಾತ್ರ ಹೊತ್ತಿಗೆ ಸರಿಯಾಗಿ ಪೆನ್ನು ಸಿಗಲಿಲ್ಲ.

ನೀವೇ ನೋಡಿಕೊಳ್ಳಿ ಎಂದರು ಮುಖ್ಯೋಪಾಧ್ಯಾಯಿನಿ. ಮೇಷ್ಟ್ರು "ಹೂಂ" ಎಂದರು.

ಈ ಹೂಂ ಬಗ್ಗೆ ಸ್ವಲ್ಪ ಹೇಳಬೇಕು. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ, ಇಪ್ಪತ್ತು ವರ್ಷದ ಸಂಸಾರದಲ್ಲಿ, ಯಾರು ಏನು ಕೇಳಿದರೂ ಅವರ ಬಾಯಿಂದ ಬರುತ್ತಿದ್ದುದು ಅದೊಂದೇ. ಅವರ ಮಗಳೂ ಇದೇ ಶಾಲೆಯ ಹತ್ತನೇ ತರಗತಿಯಲ್ಲಿದ್ದಳು. ಅವಳಿಗೆ ಮರಗೆಲಸದ ಶಾಲೆಗೆ ಸೇರುವ ಆಸೆ. ಕಳೆದ ರಜೆಯಲ್ಲಿ ಒಂದು ಸ್ಟೂಲು ಮಾಡಿದ್ದಳು. ಮನೆಯಲ್ಲಿ ಅಲ್ಲಾಡದೆ ನಿಲ್ಲುವ ಸ್ಟೂಲು ಅದೊಂದೇ. ಅವಳ ತಾಯಿಗೋ, ಮಗಳು ಡಾಕ್ಟರಾಗಬೇಕು. ಮೇಷ್ಟ್ರು ಮಗಳಿಗೆ ಅಂಗಳದಲ್ಲಿ ಹೂಂ ಅಂದಿದ್ದರು, ಹೆಂಡತಿಗೆ ಅಡುಗೆಮನೆಯಲ್ಲಿ ಹೂಂ ಅಂದಿದ್ದರು. ಆ ಎರಡು ಹೂಂಗಳು ಎದುರುಬದುರಾಗದಂತೆ ತಿಂಗಳಿಂದ ಕಾಯುತ್ತ ಅರ್ಧ ಸೊರಗಿದ್ದರು. ಮುಂದಿನ ಓದಿನ ಅರ್ಜಿ ಅಂದು ಸಂಜೆ ನಾಲ್ಕರೊಳಗೆ ಶಾಲೆಯ ಕಚೇರಿಗೆ ಸೇರಬೇಕಿತ್ತು. ಹಾಗಾಗಿ ಲಕೋಟೆ ಕೈಗೆ ಬಂದಾಗ ಅವರಿಗೆ ಹೋದ ಜೀವ ಬಂದಂತಾಯಿತು. ಇನ್ನು ಹೇಳುವುದನ್ನು ಕಾಗದ ಹೇಳುತ್ತದೆ, ತಾನು ಬಾಯಿ ಬಿಡಬೇಕಾಗಿಲ್ಲ.

ಪರೀಕ್ಷೆ ಸರಳವಾಗಿತ್ತು. ಅರವತ್ತು ಪ್ರಶ್ನೆ, ಪ್ರತಿಯೊಂದರ ಮುಂದೆ ಮೂರು ಚೌಕ: ಎಡಕ್ಕೆ ಹೌದು, ನಡುವೆ ಗೊತ್ತಿಲ್ಲ, ಬಲಕ್ಕೆ ಇಲ್ಲ. ಮಕ್ಕಳು ಗುರುತು ಹಾಕಿದ ಮೇಲೆ ರಟ್ಟನ್ನು ಹಾಳೆಯ ಮೇಲಿಟ್ಟು, ತೂತಿನಲ್ಲಿ ಕಾಣುವ ಗುರುತು ಎಣಿಸಿ, ಪಟ್ಟಿ ನೋಡಿ ವೃತ್ತಿ ಬರೆಯುವುದು. ಮೇಷ್ಟ್ರು ಮಧ್ಯಾಹ್ನದ ಊಟ ಬಿಟ್ಟು ಎಣಿಸಿದರು. ಮಗಳ ಹಾಳೆ ಕೈಗೆ ಬಂದಾಗ ಮಾತ್ರ ಅದನ್ನು ನೋಡದೆ ಕಟ್ಟಿನ ಅಡಿಗೆ ಸೇರಿಸಿದರು. ಅಡಿಯಿಂದ ಅದು ಎರಡು ಸಲ ಮೇಲೆ ಬಂತು. ಎರಡು ಸಲವೂ ಮತ್ತೆ ಅಡಿಗೆ ಹೋಯಿತು.

ಎರಡು ಗಂಟೆಗೆ ಹೆತ್ತವರು ಬಂದರು, ಫಲಿತಾಂಶ ಹಂಚಿದ್ದಾಯಿತು. ಜೀವಶಾಸ್ತ್ರದ ತರಗತಿಯಲ್ಲಿ ರಕ್ತದ ಚಿತ್ರ ನೋಡಿಯೇ ತಲೆ ತಿರುಗಿ ಬಿದ್ದಿದ್ದ ಹುಡುಗನಿಗೆ ಶಸ್ತ್ರಚಿಕಿತ್ಸೆ ಬಂದಿತ್ತು. ನಿದ್ದೆಯಲ್ಲೂ ಮಾತಾಡುವ, ಎಲ್ಲರೂ ರೇಡಿಯೋ ಎಂದು ಕರೆಯುವ ಹುಡುಗಿಗೆ ದೀಪಸ್ತಂಭದ ಕಾವಲು. ಏಳೆಂಟಲ ಎಷ್ಟೆಂದು ಇನ್ನೂ ನಿರ್ಧಾರಕ್ಕೆ ಬಾರದವನಿಗೆ ಲೆಕ್ಕಪರಿಶೋಧನೆ.

ಈ ಕೊನೆಯದನ್ನು ಕೇಳಿ ಗಣಿತದ ಮೇಡಂ ಎದ್ದು ಸ್ಟಾಫ್ ರೂಮಿಗೆ ಬಂದರು. ಅವನಿಗೆ ಮೂರು ವರ್ಷ ಪಾಠ ಹೇಳಿ ಕೂದಲು ನರೆಸಿಕೊಂಡವರು ಅವರು. ಸೂಚನೆಯ ಹಾಳೆ ಎಲ್ಲಿ ಎಂದು ಕೇಳಿ, ತಾವೇ ಹುಡುಕಿ, ಕಾಫಿ ಲೋಟ ಎತ್ತಿದರು. ಹಾಳೆಯ ಮೇಲೆ ಲೋಟದ ದುಂಡನೆಯ ಕಲೆ. ಕಲೆಯೊಳಗೆ ಒಂದು ಸಾಲು: ರಟ್ಟಿನ ಕೆಂಪು ಚುಕ್ಕೆ ಮೇಲೆ ಕಾಣುವಂತೆ ಇಡತಕ್ಕದ್ದು.

ಚುಕ್ಕೆ ಕೆಳಗಿತ್ತು.

"ಅಲ್ಲ ಮೇಷ್ಟ್ರೇ, ರಟ್ಟು ಮಗುಚಿ ಇಟ್ಟಿದ್ದೀರಲ್ಲ. ಹೌದು ಅಂದೋರಿಗೆ ಇಲ್ಲ, ಇಲ್ಲ ಅಂದೋರಿಗೆ ಹೌದು. ಮಕ್ಕಳು ಯಾವ್ದು ಬೇಡ ಅಂದ್ರೋ ಅದನ್ನೇ ಕೊಟ್ಟಿದ್ದೀರಿ," ಎಂದರು ಮೇಡಂ.

ಮೇಷ್ಟ್ರು ಪ್ರಾಮಾಣಿಕರು. ಸಭಾಂಗಣಕ್ಕೆ ಹೋಗಿ, ಮೈಕಿಗೂ ಕೇಳಿಸದಷ್ಟು ಮೆಲ್ಲಗೆ ತಪ್ಪೊಪ್ಪಿಕೊಂಡು, ಕಾಗದ ವಾಪಸು ಕೊಟ್ಟರೆ ಸರಿಮಾಡಿ ಕೊಡುವುದಾಗಿ ಹೇಳಿದರು.

ಒಬ್ಬರೂ ಕೊಡಲಿಲ್ಲ. ತಲೆ ತಿರುಗಿ ಬಿದ್ದಿದ್ದವನ ತಂದೆ ಔಷಧಿ ಅಂಗಡಿಯವರು. ಕಾಗದವನ್ನು ಅಷ್ಟರಲ್ಲೇ ಮಡಚಿ ಒಳಜೇಬಿಗೆ ಸೇರಿಸಿದ್ದರು. "ನನ್ನ ಮಗ ರಕ್ತ ನೋಡಿದ್ರೆ ಬೀಳ್ತಾನೆ, ನಿಜ. ಬಿದ್ದೋನು ಆಮೇಲೆ ಏಳ್ತಾನಲ್ಲ. ನೀವು ಸುಮ್ನೆ ಇರಿ," ಎಂದರು. ದೀಪಸ್ತಂಭ ಎಷ್ಟು ದೂರದಲ್ಲಿರುತ್ತದೆ ಎಂದು ರೇಡಿಯೋದ ತಾಯಿ ಆಸೆಯಿಂದ ವಿಚಾರಿಸಿದರು. ಲೆಕ್ಕಪರಿಶೋಧಕನ ಸೋದರಮಾವ ಕೈ ಕುಲುಕಿದ ರಭಸಕ್ಕೆ ಮೇಷ್ಟ್ರ ಕೈಗಡಿಯಾರ ನಿಂತುಹೋಯಿತು.

ಹೆತ್ತವರು ನಗುನಗುತ್ತ ಹೊರಗೆ ಹೋದದ್ದನ್ನು ಮುಖ್ಯೋಪಾಧ್ಯಾಯಿನಿ ತಮ್ಮ ಅವಧಿಯಲ್ಲಿ ಮೊದಲ ಸಲ ಕಂಡರು. ತಜ್ಞರಿಗೆಂದು ತರಿಸಿದ್ದ 'ಮಾರ್ಗದರ್ಶಕರು' ಎಂಬ ಬಿಲ್ಲೆಯನ್ನು ಮೇಷ್ಟ್ರ ಅಂಗಿಗೆ ಸಿಕ್ಕಿಸಿ, ಇನ್ನು ಮೇಲೆ ಪ್ರತಿವರ್ಷವೂ ನೀವೇ ಎಂದರು. ಮೇಷ್ಟ್ರು ಹೂಂ ಎಂದರು.

ಸ್ಟಾಫ್ ರೂಮಿಗೆ ಮರಳಿದಾಗ ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಮೇಜಿನ ಒಂದು ಬದಿಗೆ ಹೆಂಡತಿ ಕೂತಿದ್ದಳು, ಇನ್ನೊಂದು ಬದಿಗೆ ಮಗಳು. ನಡುವೆ ಖಾಲಿ ಅರ್ಜಿ. ರಟ್ಟಿನ ಸುದ್ದಿ ಅವರಿಗೂ ಮುಟ್ಟಿತ್ತು.

"ಹೇಗಾದ್ರೂ ಇಡಿ, ಏನು ಬರುತ್ತೆ ನೋಡೋಣ," ಎಂದಳು ಹೆಂಡತಿ.

ಮೇಷ್ಟ್ರು ಕಟ್ಟಿನ ಅಡಿಯಿಂದ ಮಗಳ ಹಾಳೆ ಎಳೆದು, ಕೆಂಪು ಚುಕ್ಕೆ ಮೇಲೆ ಮಾಡಿ ರಟ್ಟು ಇಟ್ಟರು. ಒಂದು ತೂತಿನಲ್ಲೂ ಗುರುತು ಕಾಣಲಿಲ್ಲ. ಕನ್ನಡಕ ಒರೆಸಿ ನೋಡಿದರು. ರಟ್ಟು ಮಗುಚಿದರು. ಆಗಲೂ ಅರವತ್ತೂ ತೂತು ಬೆಳ್ಳಗೆ ಖಾಲಿ. ರಟ್ಟು ತೆಗೆದರೆ, ನಡುವಿನ ಸಾಲಿನಲ್ಲಿ, ಗೆರೆ ಹಿಡಿದು ಕೊರೆದ ಹಾಗೆ ನೆಟ್ಟಗೆ, ಅರವತ್ತು ಗೊತ್ತಿಲ್ಲ.

"ಇದೇನಮ್ಮ, ಒಂದೂ ಗೊತ್ತಿಲ್ವಾ ನಿಂಗೆ?"

"ಎಲ್ಲಾ ಗೊತ್ತಿದೆ ಅಪ್ಪ. ಅಮ್ಮನಿಗೂ ಹೂಂ ಅಂದಿದ್ದೀರಿ ಅಂತ ನಿನ್ನೆ ಗೊತ್ತಾಯ್ತು. ನಾನು ಸರಿಯಾಗಿ ಬರೆದಿದ್ರೆ ಕಾಗದ ಹೇಳ್ತು ಅಂತಿದ್ರಿ. ನೀವೇ ಹೇಳ್ಲಿ ಅಂತ ಹೀಗೆ ಬರೆದೆ."

ಮೇಷ್ಟ್ರು ದಿಕ್ಕು ತೋಚದೆ ಸೂಚನೆಯ ಹಾಳೆಗೆ ಕೈ ಹಾಕಿದರು. ಕಾಫಿ ಕಲೆಯ ಅಂಚಿನಲ್ಲಿ, ಗಣಿತದ ಮೇಡಂ ಕಣ್ಣಿಗೆ ಬೀಳದ ಇನ್ನೊಂದು ಸಾಲಿತ್ತು. ಹೆಂಡತಿ ಹಾಳೆ ತೆಗೆದುಕೊಂಡು ನಿಧಾನವಾಗಿ ಗಟ್ಟಿಯಾಗಿ ಓದಿದಳು: "ಅಂಕ ಸೊನ್ನೆ ಬಂದಲ್ಲಿ ವಿದ್ಯಾರ್ಥಿಯು ಮಾರ್ಗದರ್ಶಕರನ್ನು ಖುದ್ದಾಗಿ ಕಾಣತಕ್ಕದ್ದು. ಅವರ ಮಾತೇ ಅಂತಿಮ."

ತಾಯಿ ಮಗಳು ಇಬ್ಬರ ಕಣ್ಣೂ ಅಂಗಿಯ ಮೇಲಿನ ಬಿಲ್ಲೆಗೆ ಹೋದವು. ಮಗಳು ಅರ್ಜಿಯನ್ನು ಅವರ ಮುಂದೆ ಸರಿಸಿದಳು. ಈ ಸಲ ಪೆನ್ನೂ ಸಿಕ್ಕಿತು, ಹೆಂಡತಿಯೇ ಕೊಟ್ಟಳು. ವರಾಂಡದ ಕೊನೆಯಲ್ಲಿ ಕಚೇರಿಯ ಕಿಟಕಿ ಮುಚ್ಚಲು ಗುಮಾಸ್ತರು ಎದ್ದ ಸದ್ದು ಕೇಳಿಸಿತು.

"ಹೇಳಿ ಮತ್ತೆ," ಎಂದಳು ಹೆಂಡತಿ.

ಮೇಷ್ಟ್ರು ಒಮ್ಮೆ ಎಡಕ್ಕೆ ನೋಡಿದರು, ಒಮ್ಮೆ ಬಲಕ್ಕೆ ನೋಡಿದರು. ಇದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಬಾಯಿ ತೆರೆದರು.

"ಹೂಂ."

"ಯಾರಿಗೆ?" ಎಂದು ಇಬ್ಬರೂ ಒಟ್ಟಿಗೇ ಕೇಳಿದರು.